ಕಿರಣದ ಮರೆಯಲ್ಲಿ ಉಳಿದ ಗವಿ

ಬೆಂಗಳೂರಿನ ಗವೀಪುರದ ಗಂಗಾಧರೇಶ್ವರನ ಗವಿಗುಡಿ ಎಂದರೆ ಸಂಕ್ರಾಂತಿಯ ಸಂಜೆ, ಅಷ್ಟೇ ಎಂಬಂತಾಗಿದೆ. ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವ ಬಿಸಿಲು ಚೆಲುವಾದದ್ದೇ. ಅದಕ್ಕಾಗಿ ನೆರೆಯುವವರ ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಇದನ್ನು ಪ್ರಾಚೀನರ ಖಗೋಳ ಲೆಕ್ಕಾಚಾರವೆಂದು ಸಾರಿ, ಈ ವಾಸ್ತುವಿನ ಹಿರಿಮೆಯೆಲ್ಲ ಅದರಲ್ಲೇ ಇದೆ ಎನ್ನುವ ವಿಮರ್ಶಕರೊಂದಿಗೆ.

ಆ ವಾದ ಪಂಚಾಂಗದೆದುರೇ ಸೋಲುತ್ತದೆ. ಮಕರ ಸಂಕ್ರಾಂತಿ ಸುಮಾರು 70 ವರ್ಷಕ್ಕೊಂದು ದಿನದಂತೆ ಮುಂದೆ ಸರಿಯುತ್ತ ಬಂದಿದೆ. ಗುಡಿಯನ್ನು ಜೀರ್ಣೋದ್ಧಾರ ಮಾಡಿದ ಕೆಂಪೇಗೌಡರ 16ನೇ ಶತಮಾನದಲ್ಲಿ ಹಬ್ಬದ ದಿನದ ಸೂರ್ಯ ಈಗಿನದಕ್ಕಿಂತ ಸುಮಾರು ಎರಡು ಬಿಂಬದಷ್ಟು ದಕ್ಷಿಣಕ್ಕೆ ಇರುತ್ತಿದ್ದ. ಇದೇ ಕೋನದ ಬಿಸಿಲು ನವೆಂಬರ್ ಕೊನೆಗೂ ಒಳಗೆ ಬರುತ್ತದೆ; ಆಗ ನೋಡಲು ಯಾರೂ ನೂಕುವುದಿಲ್ಲ. 1792ರಲ್ಲಿ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಬರೆದ ಈ ಗುಡಿಯ ಚಿತ್ರಗಳಲ್ಲಿ ಈಗಿನ ಕಟ್ಟಡಗಳಲ್ಲಿ ಹಲವು ಕಾಣುವುದೇ ಇಲ್ಲ. ಕಿರಣದ ಇಂದಿನ ದಾರಿಯನ್ನು ರೂಪಿಸಿದ್ದು ಆಮೇಲೆ ಎದ್ದ ಗೋಡೆಗಳು. ಬೆಂಗಳೂರಿನ ಖಗೋಳ ವಿಜ್ಞಾನಿಗಳು ಇದನ್ನು ತಾಳೆ ನೋಡಿ ಬರೆದಿದ್ದರೂ ಪರಂಪರೆಯ ಲೇಖನಗಳು ಹಳೆಯ ಪಾಠವನ್ನೇ ಒಪ್ಪಿಸುತ್ತಿವೆ.

ಗವಿಯ ಸಾಧನೆಯೇ ಬೇರೆ; ಒಂದು ಹೋಲಿಕೆಯಿಂದ ಅದು ತಿಳಿಯುತ್ತದೆ. ಟರ್ಕಿಯ ಕಪಡೋಕಿಯಾದಲ್ಲಿ ಬೈಜಾಂಟೈನ್ ಕಾಲದವರು ಬಂಡೆಯಲ್ಲಿ ಕೊರೆದ ಪುಟ್ಟ ಚರ್ಚುಗಳಿವೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಮೆದು ಕಲ್ಲು ಅದು. ಕಮಾನು, ಕಂಬ, ಗುಮ್ಮಟ ಎಲ್ಲವನ್ನೂ ಕಟ್ಟಡದಲ್ಲಿ ಇದ್ದಂತೆಯೇ ಕೆತ್ತಿದರು. ಅಲ್ಲಿನ ಗೊರೆಮೆಯಲ್ಲಿ ಕೆಲವೆಡೆ ಕಂಬ ಮುರಿದುಬಿದ್ದರೂ ಮೇಲಿನ ಕಮಾನು ಹಾಗೇ ಇದೆ, ಏಕೆಂದರೆ ಆ ಕಂಬ ಭಾರ ಹೊತ್ತೇ ಇರಲಿಲ್ಲ. ಗವೀಪುರದ ಕಲ್ಲು ಮಾವಳ್ಳಿಯ ಮಗ್ಗುಲಲ್ಲಿ, ಲಾಲ್‌ಬಾಗಿನಲ್ಲಿ ಕಾಣುವ ಸುಮಾರು 300 ಕೋಟಿ ವರ್ಷದ ನೈಸ್ ಶಿಲೆಯ ಕುಲ. ಉಳಿಗೆ ಸುಲಭವಾಗಿ ಬಗ್ಗುವುದಲ್ಲ. ಇಲ್ಲಿ ಕೆಲಸ ಮಾಡಿದವರು ಗವಿಯ ಸೂರಿಗೆ ಗುಮ್ಮಟದ ವೇಷ ತೊಡಿಸಲಿಲ್ಲ; ಬಂಡೆ ಎಷ್ಟು ತಗ್ಗೋ ಅಷ್ಟೇ ತಗ್ಗಾಗಿ ಬಿಟ್ಟರು. ಗರ್ಭಗುಡಿಯ ಹಿಂದೆ ಪ್ರದಕ್ಷಿಣೆ ಬರುವವರು ಸೊಂಟ ಬಗ್ಗಿಸಲೇಬೇಕು. ಕೈ ತಾನಾಗಿ ಗೋಡೆಗೆ ಹೋಗುತ್ತದೆ, ಕಣ್ಣು ನೆಲಕ್ಕಿಳಿಯುತ್ತದೆ. ನಮಸ್ಕಾರದ ಭಂಗಿಯನ್ನು ಬಂಡೆಯೇ ಮೈಗೆ ಕಲಿಸುತ್ತದೆ. ಯಾವ ಎತ್ತರದ ಗೋಪುರವೂ ಈ ಕೆಲಸವನ್ನು ಇಷ್ಟು ನೇರವಾಗಿ ಮಾಡಿದ್ದನ್ನು ನಾನು ಕಂಡಿಲ್ಲ.

ಎತ್ತರವೆಲ್ಲ ಹೊರಗಿನ ಅಂಗಳಕ್ಕೆ ಮೀಸಲು. ಅಲ್ಲಿ ಸೂರ್ಯಪಾನ, ಚಂದ್ರಪಾನ ಎಂಬ ಕಲ್ಲಿನ ತಟ್ಟೆ ಹೊತ್ತ ಕಂಬಗಳು ನಿಂತಿವೆ. ಇವನ್ನೂ ಖಗೋಳ ಯಂತ್ರವೆನ್ನುವವರಿದ್ದಾರೆ. ಕಂಬದ ತುದಿಯಲ್ಲಿ ಆಳೆತ್ತರದ ಕಲ್ಲಿನ ತಟ್ಟೆಯನ್ನು ನೆಟ್ಟಗೆ ನಿಲ್ಲಿಸಿದವನ ತೂಕದ ಅರಿವನ್ನು ಅವರು ಒಮ್ಮೆ ನಿಂತು ನೋಡಿದ್ದರೆ, ಯಂತ್ರದ ಮಾತು ಬೇಕಾಗುತ್ತಲೇ ಇರಲಿಲ್ಲ.