ಮನೆಮಗಳ ಕ್ಯಾಮೆರಾ

ಮುಂಬೈಯ ಬಾಂದ್ರಾದ ಹಿಲ್ ರೋಡಿನಲ್ಲಿರುವ ಪಾರ್ಸಿ ಅಗ್ನಿಮಂದಿರ ಟಾಟಾ ಅಗಿಯಾರಿಯೊಳಗೆ ಪಾರ್ಸಿಗಳಲ್ಲದವರಿಗೆ ಪ್ರವೇಶವಿಲ್ಲ. ಹೊರಗೇ ನಿಲ್ಲಬೇಕಾದ ನಮಗೆ ಆ ಸಮುದಾಯದ ಬದುಕನ್ನು ಹತ್ತಿರದಿಂದ ತೋರಿಸಿದವರು ಸೂನಿ ತಾರಾಪೊರವಾಲಾ. ‘ಸಲಾಂ ಬಾಂಬೆ’ಯ ಚಿತ್ರಕಥೆ ಬರೆದವರೂ ಇವರೇ. 1980ರಿಂದ ತಮ್ಮವರ ಫೋಟೊ ತೆಗೆಯುತ್ತ ಬಂದರು. ಛಾಯಾಗ್ರಾಹಕ ರಘುಬೀರ್ ಸಿಂಗ್ ಹುರಿದುಂಬಿಸಿದರು. 2000ದಲ್ಲಿ ಆ ಫೋಟೊಗಳ ಪುಸ್ತಕ ಹೊರಬಂತು.

ಅದರಲ್ಲಿರುವುದು ನವಜೋತ್ ಎಂಬ ಧರ್ಮದೀಕ್ಷೆ, ಮದುವೆ, ಹಳೆಯ ಪೀಠೋಪಕರಣಗಳ ನಡುವೆ ಕುಳಿತ ಅಜ್ಜ ಅಜ್ಜಿಯರು. ಯಾರೂ ಕ್ಯಾಮೆರಾಗೆಂದು ಮುಖ ಸಜ್ಜು ಮಾಡಿಕೊಂಡಂತೆ ಕಾಣುವುದಿಲ್ಲ. ಎದುರಿಗಿರುವವಳು ಮನೆಮಗಳು ತಾನೇ! ಈ ಸಲುಗೆ ಎಂಥ ದುಬಾರಿ ಲೆನ್ಸಿನಿಂದಲೂ ಸಿಗುವಂಥದ್ದಲ್ಲ. ಹೊರಗಿನವರಿಗಂತೂ ಅದು ಇನ್ನೂ ಕಷ್ಟ. ಕೆನಡಾದ ಹಟರೈಟರೆಂಬ ಕ್ರೈಸ್ತ ಪಂಥದವರಲ್ಲಿ ಕೆಲವರು ಚಾಲನಾ ಪರವಾನಗಿಗೂ ಫೋಟೊ ಕೊಡಲೊಪ್ಪದೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ಸೋತರು. ಅಂಥ ಜನರ ಮುಂದೆ ಕ್ಯಾಮೆರಾ ಎತ್ತಲು ಹೊರಗಿನವರು ಎಷ್ಟು ವಿಶ್ವಾಸ ಗಳಿಸಬೇಕು!

2011ರ ಜನಗಣತಿಯಲ್ಲಿ ದೇಶದ ಪಾರ್ಸಿಗಳು 57,264 ಮಾತ್ರ. ಹಾಗಾಗಿ ಈ ಚಿತ್ರಗಳ ಬೆಲೆ ವರ್ಷವರ್ಷಕ್ಕೂ ಏರುತ್ತಿದೆ. ಬಾಂದ್ರಾದಲ್ಲೇ ಇರುವ ಚಿಂಬಾಯಿಯ ಕೋಲಿ ಮೀನುಗಾರರಿಗೆ, ರಣವಾರದ ಈಸ್ಟ್ ಇಂಡಿಯನ್ ಕ್ರೈಸ್ತರಿಗೆ ಇಂಥದೇ ಒಬ್ಬ ಮನೆಮಗಳು ಸಿಗಲಿ ಎಂಬುದು ನನ್ನ ಆಸೆ. ಏಕೆಂದರೆ ಬಾಂದ್ರಾದ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ.