ಕಾಗದ ಕೆರೆದು ತೆಗೆದ ಬೆಳ್ಳಿಚುಕ್ಕಿ

ಜಲವರ್ಣದಲ್ಲಿ ಬೆಳಕನ್ನು ಬಳಿಯುವುದಿಲ್ಲ, ಉಳಿಸಿಕೊಳ್ಳುತ್ತಾರೆ. ತೆಳು ಬಣ್ಣದೊಳಗೆ ಹೊಕ್ಕ ಬೆಳಕು ಅಡಿಯ ಬಿಳಿ ಕಾಗದಕ್ಕೆ ತಾಗಿ ಮರಳುತ್ತದೆ, ಹೊಳಪೆಲ್ಲ ಕಾಗದದ್ದೇ. ಬಣ್ಣ ಒಂದಿಷ್ಟು ದಪ್ಪವಾಯಿತೋ, ಬೆಳಕು ಒಳಗೇ ಉಸಿರುಗಟ್ಟಿತು. ನಾನೂ ಕುಂಚ ಹಿಡಿಯುವವಳು, ಎಷ್ಟೋ ಬೆಳಗುಗಳನ್ನು ಹೀಗೆ ಕಳೆದುಕೊಂಡಿದ್ದೇನೆ.

ಅದಕ್ಕೇ ಇಂಗ್ಲೆಂಡಿನ ಚಿತ್ರಕಾರ ಟರ್ನರ್ 1842ರಲ್ಲಿ ಬರೆದ ‘ನೀಲಿ ರೀಗಿ’ ಜಲವರ್ಣದ ಎದುರು ಕೈಮುಗಿಯಬೇಕೆನಿಸುತ್ತದೆ. ಸ್ವಿಟ್ಜರ್ಲೆಂಡಿನ ಲುಸೆರ್ನ್ ಸರೋವರ. ಸೂರ್ಯ ಇನ್ನೇನು ಮೂಡಬೇಕು. ಆಚೆ ರೀಗಿ ಬೆಟ್ಟ ಕಲ್ಲಿನದೆಂದೇ ಅನಿಸದು, ಮಂಜು ಹೆಪ್ಪುಗಟ್ಟಿ ನಿಂತಂತಿದೆ. ನೀರಿನಷ್ಟೇ ತೆಳುವಾದ ನೀಲಿಯನ್ನು ಪದರ ಪದರವಾಗಿ ಹರಿಸಿದ್ದಾನೆ. ಒಂದು ಪದರ ಆರುವ ತನಕ ಕಾಯುವ ಆ ತಾಳ್ಮೆ ಎಂಥದು! ಅದೇ ವರ್ಷ ಅದೇ ಬೆಟ್ಟವನ್ನು ಸಂಜೆಗೆಂಪಿನಲ್ಲೂ ಬರೆದ. ನನಗೆ ನೀಲಿಯೇ ಹೆಚ್ಚು.

ಮೇಲೆ ಬೆಳ್ಳಿಚುಕ್ಕಿ. ಹತ್ತಿರದಿಂದ ನೋಡಿದರೆ ಅದು ಬಿಳಿ ಬಣ್ಣದ ಬೊಟ್ಟಲ್ಲ. ಒಣಗಿದ ನೀಲಿಯನ್ನು ಕೆರೆದು ಕಾಗದವನ್ನೇ ಹೊರಗೆ ಇಣುಕಿಸಿದ್ದಾನೆ. ನೀರಲ್ಲಿ ಅದರ ನೆರಳೂ ಹಾಗೇ ಮಿನುಗುತ್ತದೆ. ಇಷ್ಟು ಮೌನದ ನಡುವೆ, ಈಚೆ ದಡದಲ್ಲಿ ನಾಯಿಗಳಿಗೆ ಬೆದರಿದ ಬಾತುಗಳು ರೆಕ್ಕೆ ಬಡಿದು ಏಳುತ್ತಿವೆ.