ಕಿವಿಯಲ್ಲೇ ಗೇರ್‌ಬಾಕ್ಸ್ ಬಿಚ್ಚುವವರು

1984ರಲ್ಲಿ ಬಂದ ಮಾರುತಿ ವ್ಯಾನ್, ಅಂದರೆ ಮುಂದಿನ ಓಮ್ನಿ, 2019ರಲ್ಲಿ ಕಾರ್ಖಾನೆಯಲ್ಲಿ ನಿಂತುಹೋಯಿತು. ಆಳಂದ, ಅಫಜಲಪುರ, ಜೇವರ್ಗಿಯ ಕಡೆ ದೇವಲ ಗಾಣಗಾಪುರದ ಭಕ್ತರನ್ನೋ ತೊಗರಿ ಚೀಲಗಳನ್ನೋ ಹೊರುವ ಹಳೆಯ ವ್ಯಾನುಗಳ ಆಯುಷ್ಯ ಇರುವುದು ಮಿಸ್ತ್ರಿಗಳ ಕಿವಿಯಲ್ಲಿ.

ಒಳ್ಳೆಯ ಮಿಸ್ತ್ರಿ ಮೊದಲು ಪಾನಾ ಹಿಡಿಯುವುದಿಲ್ಲ. ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ಒತ್ತುತ್ತಾನೆ, ಬಿಡುತ್ತಾನೆ. ಒತ್ತಿದಾಗ ಕಿರುಗುಟ್ಟಿದರೆ ರಿಲೀಸ್ ಬೇರಿಂಗ್. ಬಿಟ್ಟಾಗ ಗೊರಗುಟ್ಟಿ ಒತ್ತಿದೊಡನೆ ತಣ್ಣಗಾದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ. ಆಮೇಲೆ ಹ್ಯಾಂಡ್‌ಬ್ರೇಕ್ ಬಿಗಿದು, ಮೂರನೇ ಗೇರ್ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಆರಬೇಕು. ಆರದೆ ಗುರ್ರೆನ್ನುತ್ತಿದ್ದರೆ ಪ್ಲೇಟು ಸವೆದಿದೆ, ಇಲ್ಲವೇ ಅದಕ್ಕೆ ಎಣ್ಣೆ ತಗಲಿದೆ. ಎಷ್ಟು ಸರಳ, ಎಷ್ಟು ಖಚಿತ!

ಎಣ್ಣೆಯ ವಿಷಯದಲ್ಲಂತೂ ಇವರದು ಜಿಪುಣತನದ ಜಾಣ್ಮೆ. ಶಾಫ್ಟಿನ ಹಲ್ಲುಗಳಿಗೆ ಶಾಖ ತಡೆಯುವ ಗ್ರೀಸು, ಕಣ್ಣಿಗೆ ಕಾಡಿಗೆ ತೀಡಿದಷ್ಟೇ. ಹೆಚ್ಚಾದರೆ ತಿರುಗುವ ರಭಸಕ್ಕೆ ಸಿಡಿದು ಪ್ಲೇಟನ್ನೇ ಜಾರಿಸುತ್ತದೆ. ಗೇರ್ ಆಯಿಲ್ ಇಳಿಸುವುದು ಗಾಡಿ ಓಡಿ ಬಿಸಿಯಾದ ಮೇಲೆಯೇ. ಇಳಿದ ಎಣ್ಣೆಯನ್ನು ಬೆರಳ ನಡುವೆ ಉಜ್ಜಿ ನೋಡುತ್ತಾರೆ: ನುಣ್ಣನೆಯ ಪುಡಿ ಸವೆತದ ಗುರುತು, ಚುಚ್ಚುವ ಚೂರು ಮುರಿದ ಹಲ್ಲಿನದು. ಹೊಸ ಎಣ್ಣೆ ಪಕ್ಕದ ತೂತಿನ ಅಂಚಿನಿಂದ ತೊಟ್ಟಿಕ್ಕುವವರೆಗೆ ಮಾತ್ರ. ಹಿತ್ತಾಳೆ ಸಿಂಕ್ರೊ ರಿಂಗುಗಳನ್ನು ಕೆಲವು ಎಣ್ಣೆಗಳ ರಾಸಾಯನಿಕ ತಿನ್ನುವುದರಿಂದ ಡಬ್ಬಿಯ ದರ್ಜೆಯನ್ನೂ ಓದುತ್ತಾರೆ.

ಹಳೆಯ ವ್ಯಾನ್ ಇರುವವರು ಇವರಿಗೆ ಮಾಡಬಹುದಾದ ಉಪಕಾರ ಒಂದಿದೆ: ಓಡಿಸುವಾಗ ಎಡಗಾಲನ್ನು ಕ್ಲಚ್ ಪೆಡಲಿನ ಮೇಲೆ ಇಟ್ಟುಕೊಳ್ಳಬೇಡಿ.